ಹಿಮದಡಿಯಿಂದ ಬರಬೇಕಾದ ಕರೆ

ದೂರವಾಣಿಯ ಕರೆಗಾಗಿ ಕಾದು ಕೂರುವ ಸಂಕಟ ನಮ್ಮ ತಲೆಮಾರಿನವರಿಗೆ ಹೊಸದೇನಲ್ಲ. ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯ ಬೆಂಚಿನ ಮೇಲೆ ಮಧ್ಯಾಹ್ನವಿಡೀ ಕುಳಿತವರು ನಾವು. ಆದರೆ ಕೆಲವು ವರ್ಷಗಳ ಹಿಂದೆ ಗೆಳೆಯರೊಬ್ಬರ ಮಗಳು ಹೇಳಿದ ಕಾಯುವಿಕೆಯ ಕಥೆ ಬೇರೆಯೇ ಬಗೆಯದಾಗಿತ್ತು. ವಿದೇಶದ ವಿಶ್ವವಿದ್ಯಾಲಯವೊಂದರಲ್ಲಿ ಸಮುದ್ರವಿಜ್ಞಾನ ಓದುತ್ತಿದ್ದ ಆಕೆ ರಜೆಗೆಂದು ಬೆಂಗಳೂರಿಗೆ ಬಂದಿದ್ದಳು. ಊಟಕ್ಕೆ ಕುಳಿತಾಗಲೂ ಮೊಬೈಲನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಅವಳ ತಾಯಿ ಗದರಿದಾಗ ನನ್ನತ್ತ ತಿರುಗಿ, 'ಮೂರು ವಾರ ಆಯ್ತು ಅಂಕಲ್, ನಮ್ಮ ಗ್ಲೈಡರ್ ಫೋನ್ ಮಾಡಿಲ್ಲ' ಎಂದಳು.

ಫೋನ್ ಮಾಡಬೇಕಾಗಿದ್ದುದು ಮನುಷ್ಯನಲ್ಲ, ಯಂತ್ರ. ಅದು ಇದ್ದುದು ಉತ್ತರ ಧ್ರುವ ಪ್ರದೇಶದ ಮಂಜುಗಡ್ಡೆಯ ಕೆಳಗೆ. ಅದು ಬದುಕಿದೆಯೋ ಇಲ್ಲವೋ ಎಂಬುದನ್ನು ತಿಳಿಯುವ ಯಾವ ದಾರಿಯೂ ಭೂಮಿಯ ಮೇಲೆ ಯಾರಿಗೂ ಇರಲಿಲ್ಲ. ಅಂದಿನಿಂದ ಈ ಯಂತ್ರಗಳ ವಿಚಾರವನ್ನು ನಾನು ಹುಡುಕಿ ಓದುತ್ತ ಬಂದಿದ್ದೇನೆ. ಓದಿದಷ್ಟೂ ಇದು ದೂರದ ಹಿಮಕರಡಿಗಳ ನಾಡಿನ ಸುದ್ದಿ ಮಾತ್ರವಲ್ಲ, ನಮ್ಮ ಮಳೆಗಾಲದ ಸುದ್ದಿಯೂ ಹೌದು ಎನಿಸಿದೆ.

ಮೊದಲು ಯಂತ್ರದ ಪರಿಚಯ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ 'ಸೀಗ್ಲೈಡರ್' ಎಂಬ ಮಾದರಿಯನ್ನೇ ನೋಡಿ. ಉದ್ದ 1.8 ಮೀಟರ್, ತೂಕ 52 ಕಿಲೋ. ನೋಡಲು ಗಿಡ್ಡ ರೆಕ್ಕೆಗಳುಳ್ಳ ದಪ್ಪ ಮೀನಿನಂತೆ. ಇದಕ್ಕೆ ಪಂಖವಿಲ್ಲ, ನೀರನ್ನು ತಳ್ಳುವ ಎಂಜಿನ್ ಇಲ್ಲ. ಹೊಟ್ಟೆಯೊಳಗಿನ ಎಣ್ಣೆಯನ್ನು ಪಂಪಿನಿಂದ ಹೊರಗಿನ ರಬ್ಬರು ಚೀಲಕ್ಕೆ ತಳ್ಳಿದರೆ ಯಂತ್ರದ ಗಾತ್ರ ತುಸು ಹಿಗ್ಗುತ್ತದೆ. ತೂಕ ಅಷ್ಟೇ, ಗಾತ್ರ ಹೆಚ್ಚು. ಆದ್ದರಿಂದ ಅದು ಮೇಲೇಳುತ್ತದೆ. ಎಣ್ಣೆಯನ್ನು ಒಳಕ್ಕೆ ಬಿಟ್ಟುಕೊಂಡರೆ ಕುಗ್ಗಿ ಮುಳುಗುತ್ತದೆ. ಆರ್ಕಿಮಿಡೀಸ್ ಹೇಳಿಕೊಟ್ಟ ಪಾಠ, ಅಷ್ಟೇ. ಮೇಲೆ ಕೆಳಗೆ ಚಲಿಸುವಾಗ ರೆಕ್ಕೆಗಳು ಆ ಚಲನೆಯ ಒಂದು ಪಾಲನ್ನು ಮುಂದಕ್ಕೆ ತಿರುಗಿಸುತ್ತವೆ, ರೆಕ್ಕೆ ಬಡಿಯದೆ ಸಾಗುವ ಹದ್ದಿನ ಹಾಗೆ. ಮೂತಿಯನ್ನು ಮೇಲೆ ಕೆಳಗೆ ಮಾಡಬೇಕಾದರೆ ಒಳಗಿನ ಬ್ಯಾಟರಿಯ ಕಟ್ಟನ್ನೇ ಹಿಂದೆ ಮುಂದೆ ಸರಿಸುತ್ತದೆ. ಪಕ್ಕಕ್ಕೆ ತಿರುಗಬೇಕಾದರೆ ಅದೇ ಕಟ್ಟನ್ನು ಹೊರಳಿಸುತ್ತದೆ. ಇಷ್ಟಕ್ಕೆಲ್ಲ ಒಂದು ಲೀಟರಿಗೂ ಕಡಿಮೆ ಎಣ್ಣೆಯ ಆಟ ಸಾಕು.

ವೇಗ ಸೆಕೆಂಡಿಗೆ ಸುಮಾರು 25 ಸೆಂಟಿಮೀಟರ್. ಬೆಳಗಿನ ವಾಯುವಿಹಾರಕ್ಕೆ ಹೊರಟ ವೃದ್ಧರೂ ಇದನ್ನು ಸುಲಭವಾಗಿ ಹಿಂದೆ ಹಾಕಬಹುದು. ಆದರೆ ಇದು ಬಳಸುವ ವಿದ್ಯುತ್ ಸರಾಸರಿ ಅರ್ಧ ವಾಟ್ ಮಾತ್ರ. ಹೀಗಾಗಿ ಒಮ್ಮೆ ನೀರಿಗಿಳಿಸಿದರೆ ತಿಂಗಳುಗಟ್ಟಲೆ ದಿನಕ್ಕೆ ಇಪ್ಪತ್ತು ಕಿ.ಮೀ.ಯಂತೆ ಸಾಗುತ್ತಲೇ ಇರುತ್ತದೆ. ಒಂದು ಸಾವಿರ ಮೀಟರ್ ಆಳಕ್ಕೆ ಇಳಿದು, ಅಲ್ಲಿ ನೂರು ಪಟ್ಟು ವಾಯುಭಾರದಷ್ಟು ಒತ್ತಡವನ್ನು ತಡೆದುಕೊಂಡು, ದಾರಿಯುದ್ದಕ್ಕೂ ನೀರಿನ ಉಷ್ಣತೆ, ಉಪ್ಪಿನಂಶ, ಕರಗಿದ ಆಮ್ಲಜನಕ, ಪಾಚಿಯ ಹಸಿರು ಎಲ್ಲವನ್ನೂ ದಾಖಲಿಸಿಕೊಂಡು ಹಲವು ಗಂಟೆಗಳ ಬಳಿಕ ಮೇಲೆ ಬರುತ್ತದೆ. ಬಂದೊಡನೆ ಮೂತಿ ಕೆಳಗಿಟ್ಟು, ಬಾಲದ ಆಂಟೆನಾವನ್ನು ಗಾಳಿಗೆ ಎತ್ತಿ, ಜಿಪಿಎಸ್‌ನಿಂದ ತಾನಿರುವ ಸ್ಥಳ ತಿಳಿದುಕೊಂಡು, ಇರಿಡಿಯಂ ಉಪಗ್ರಹದ ಮೂಲಕ ಪ್ರಯೋಗಾಲಯಕ್ಕೆ ಫೋನ್ ಮಾಡುತ್ತದೆ. ಅಳೆದದ್ದನ್ನೆಲ್ಲ ಒಪ್ಪಿಸಿ, ಹೊಸ ಅಪ್ಪಣೆ ಪಡೆದು ಮತ್ತೆ ಮುಳುಗುತ್ತದೆ. ಸಂಶೋಧನಾ ಹಡಗನ್ನು ಒಂದು ದಿನ ಸಮುದ್ರದಲ್ಲಿ ಇಟ್ಟುಕೊಳ್ಳಲು ಸಾವಿರಾರು ಡಾಲರ್ ಬೇಕು. ಬಿರುಗಾಳಿ ಬಂದರೆ ಹಡಗು ಬಂದರಿಗೆ ಓಡಬೇಕು. ಗ್ಲೈಡರ್‌ಗೆ ಊಟ ಬೇಡ, ನಿದ್ದೆ ಬೇಡ; ಬಿರುಗಾಳಿ ಬೀಸಿದರೆ ಅದರ ಅಡಿಯಲ್ಲೇ ಅಳತೆ ಮಾಡುತ್ತಿರುತ್ತದೆ.

ಈ ಕನಸು ಕಂಡವರಲ್ಲಿ ಮುಖ್ಯರು ಹೆನ್ರಿ ಸ್ಟೊಮೆಲ್ ಎಂಬ ಅಮೆರಿಕದ ಸಮುದ್ರವಿಜ್ಞಾನಿ. 1989ರಲ್ಲಿ ಅವರು ಒಂದು ಲೇಖನ ಬರೆದರು. 2021ನೇ ಇಸವಿಯಲ್ಲಿ ಕುಳಿತ ವಿಜ್ಞಾನಿಯೊಬ್ಬ ಹಿಂದಿನದನ್ನು ನೆನೆಯುತ್ತಿರುವಂತೆ ಬರೆದ ಕಲ್ಪನೆ ಅದು. ಸಾವಿರ ಪುಟ್ಟ ಯಂತ್ರಗಳು ಲೋಕದ ಸಾಗರಗಳಲ್ಲೆಲ್ಲ ತಾವಾಗಿಯೇ ಏರಿಳಿಯುತ್ತ ಸಮುದ್ರದ ನಾಡಿ ಹಿಡಿದು ನೋಡುತ್ತಿರುತ್ತವೆ ಎಂದು ಅವರು ಬರೆದಿದ್ದರು. ಆ ಯಂತ್ರಗಳಿಗೆ ಅವರು ಇಟ್ಟ ಹೆಸರು 'ಸ್ಲೋಕಮ್'. 1895ರಿಂದ 1898ರವರೆಗೆ ಹಾಯಿದೋಣಿಯಲ್ಲಿ ಒಂಟಿಯಾಗಿ ಭೂಪ್ರದಕ್ಷಿಣೆ ಮಾಡಿದ ಮೊದಲಿಗ ಜೋಶುವಾ ಸ್ಲೋಕಮ್‌ನ ನೆನಪಿಗೆ. ಸ್ಟೊಮೆಲ್ 1992ರಲ್ಲಿ ತೀರಿಕೊಂಡರು. ಅವರ ಗೆಳೆಯ ಡಗ್ ವೆಬ್ ಎಂಬ ಎಂಜಿನಿಯರ್ ಆ ಯಂತ್ರವನ್ನು ಕಟ್ಟಿಯೇ ತೀರಿದರು. 2009ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದವರ ಸ್ಲೋಕಮ್ ಗ್ಲೈಡರೊಂದು ಅಮೆರಿಕದ ನ್ಯೂಜೆರ್ಸಿಯಿಂದ ಹೊರಟು 221 ದಿನಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಸ್ಪೇನ್ ತಲುಪಿತು.

ತೆರೆದ ಸಮುದ್ರದಲ್ಲಿ ಇಷ್ಟೆಲ್ಲ ಸರಿ. ಆರ್ಕ್ಟಿಕ್‌ನಲ್ಲಿ ತಲೆಯ ಮೇಲೆ ಹಿಮದ ಛಾವಣಿ. ಜಿಪಿಎಸ್ ಸಂಕೇತವಾಗಲಿ, ಫೋನಿನ ಅಲೆಯಾಗಲಿ ನೀರಿನಲ್ಲಿ ಇಳಿಯುವುದಿಲ್ಲ. ಮೇಲೇಳಲು ಆಗದ ಯಂತ್ರ ಕುರುಡೂ ಹೌದು, ಮೂಕವೂ ಹೌದು. ಲೋಕದ ಸಾಗರಗಳಲ್ಲಿ ಇಂದು ಸುಮಾರು ನಾಲ್ಕು ಸಾವಿರ 'ಆರ್ಗೊ' ತೇಲುಕಗಳು ಅಳತೆ ಮಾಡುತ್ತಿವೆ. ಭಾರತವೂ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಮೂಲಕ ಈ ಕೆಲಸದಲ್ಲಿ ಪಾಲುದಾರ. ಆದರೆ ಅವುಗಳ ನಕ್ಷೆಯಲ್ಲಿ ಉತ್ತರ ಧ್ರುವದ ಸುತ್ತ ಬಹುಮಟ್ಟಿಗೆ ಖಾಲಿ. ಅವೂ ಮೇಲೆದ್ದು ಫೋನ್ ಮಾಡಬೇಕಾದವುಗಳೇ. ಹೀಗಾಗಿ, ಭೂಮಿಯ ಮೇಲೆ ಅತಿ ವೇಗವಾಗಿ ಬಿಸಿಯಾಗುತ್ತಿರುವ ಪ್ರದೇಶದ ಸಮುದ್ರವೇ ನಾವು ಅತಿ ಕಡಿಮೆ ಅಳೆದ ಸಮುದ್ರಗಳಲ್ಲೊಂದು ಎಂಬ ವಿಚಿತ್ರ ಸ್ಥಿತಿ ನಮ್ಮದು.

ಈ ಬೀಗ ತೆರೆಯಲು ಸಿಕ್ಕ ಕೀಲಿಕೈ ಶಬ್ದ. ಬೆಳಕೂ ರೇಡಿಯೊ ಅಲೆಯೂ ಸೋಲುವ ಕಡೆ ಶಬ್ದ ನೀರಿನಲ್ಲಿ ಬಹುದೂರ ಸಾಗುತ್ತದೆ. ಕೆನಡಾದ ಬಾಫಿನ್ ದ್ವೀಪಕ್ಕೂ ಗ್ರೀನ್‌ಲ್ಯಾಂಡಿಗೂ ನಡುವಿನ ಡೇವಿಸ್ ಜಲಸಂಧಿಯಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕ್ರೇಗ್ ಲೀ, ಜೇಸನ್ ಗೋಬಾಟ್ ಮತ್ತು ಸಂಗಡಿಗರು ಸಮುದ್ರದ ತಳಕ್ಕೆ ಲಂಗರು ಕಟ್ಟಿ ಶಬ್ದ ಹೊರಡಿಸುವ ಉಪಕರಣಗಳನ್ನು ಇಳಿಬಿಟ್ಟರು. ಅವು ಗೊತ್ತಾದ ಹೊತ್ತಿಗೆ ಸರಿಯಾಗಿ 'ಕೂ' ಎನ್ನುತ್ತವೆ. ತಣ್ಣೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,440 ಮೀಟರ್. ನೂರು ಕಿ.ಮೀ. ದೂರದ ಕೂಗು ಕೇಳಲು ಒಂದು ನಿಮಿಷಕ್ಕೂ ತುಸು ಹೆಚ್ಚು ಬೇಕು. ಕೂಗು ಎಷ್ಟು ತಡವಾಗಿ ಕೇಳಿತು ಎಂಬುದನ್ನು ಗ್ಲೈಡರ್ ತನ್ನ ಗಡಿಯಾರದಲ್ಲಿ ನೋಡಿ ದೂರವನ್ನು ಲೆಕ್ಕ ಹಾಕುತ್ತದೆ. ಮೂರು ಕಡೆಯ ಕೂಗು ಕೇಳಿದರೆ ತಾನಿರುವ ಜಾಗ ಗೊತ್ತಾಯಿತು. ಕತ್ತಲಲ್ಲಿ ಕಾಡು ದಾಟುವವನು ಊರ ದೇವಸ್ಥಾನದ ಗಂಟೆಯ ಸದ್ದು ಹಿಡಿದು ದಾರಿ ಕಂಡುಕೊಂಡ ಹಾಗೆ. ನೀರು ಹೆಪ್ಪುಗಟ್ಟುವಷ್ಟು ತಣ್ಣಗಿದ್ದರೆ ಮೇಲೆ ಹಿಮ ಇದ್ದೀತೆಂದು ಊಹಿಸಿ, ಮೇಲೇಳುವ ಸಾಹಸ ಮಾಡದೆ, ದತ್ತಾಂಶವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಮತ್ತೆ ಇಳಿಯುವ ವಿವೇಕವನ್ನೂ ಅದಕ್ಕೆ ಕಲಿಸಲಾಯಿತು. 2008-09ರ ಚಳಿಗಾಲದಲ್ಲಿ ಒಂದು ಸೀಗ್ಲೈಡರ್ ಇದೇ ಜಲಸಂಧಿಯ ಹಿಮದಡಿಯಲ್ಲಿ ಓಡಾಡಿ, ತೆರೆದ ನೀರಿಗೆ ಮರಳಿ ಬಂದು, ತಾನು ಕಂಡದ್ದನ್ನು ಒಪ್ಪಿಸಿತು.

ಅಲ್ಲಿ ಅಂಥದ್ದೇನಿದೆ, ಇಷ್ಟೆಲ್ಲ ಪಾಡುಪಟ್ಟು ಅಳೆಯಲು? ಇದರ ಉತ್ತರದ ಮೊದಲ ಸಾಲನ್ನು ಬರೆದವರು ನಾರ್ವೆಯ ಫ್ರಿಡ್ಜೋಫ್ ನಾನ್ಸೆನ್. 1893ರಲ್ಲಿ ಅವರು 'ಫ್ರಾಮ್' ಎಂಬ ಹಡಗನ್ನು ಬೇಕೆಂದೇ ಹಿಮದಲ್ಲಿ ಸಿಕ್ಕಿಸಿ, ಹಿಮ ಒಯ್ದತ್ತ ಸಾಗಲು ಬಿಟ್ಟರು. ಆರ್ಕ್ಟಿಕ್ ಆಳವಿಲ್ಲದ ಕಡಲೆಂದು ನಂಬಿ ಹೋಗಿದ್ದವರಿಗೆ ತಂದ ಹಗ್ಗವೇ ಸಾಲಲಿಲ್ಲ; ಹಡಗಿನ ಉಕ್ಕಿನ ಮಿಣಿಯನ್ನು ಬಿಚ್ಚಿ, ಎಳೆಗಳನ್ನು ಹೊಸೆದು ಸಾವಿರಾರು ಮೀಟರಿನ ಅಳತೆಯ ಹುರಿ ಮಾಡಿಕೊಂಡರು. ಅವರು ಕಂಡ ಇನ್ನೊಂದು ಅಚ್ಚರಿಯೆಂದರೆ, ಮೇಲಿನ ಕೊರೆಯುವ ನೀರಿನ ಕೆಳಗೆ, ಸುಮಾರು ಇನ್ನೂರು ಮೀಟರಿನಿಂದಾಚೆ, ಬೆಚ್ಚಗಿನ ನೀರಿನ ದಪ್ಪ ಪದರ. ಅದು ಅಟ್ಲಾಂಟಿಕ್‌ನಿಂದ ಹರಿದು ಬಂದ ನೀರು. ಬೆಚ್ಚಗಿದ್ದರೂ ಉಪ್ಪು ಹೆಚ್ಚಾದ್ದರಿಂದ ಭಾರ. ಆದ್ದರಿಂದಲೇ ಕೆಳಗೆ ಮಲಗಿದೆ. ಮೇಲಿನದು ನದಿಗಳೂ ಕರಗಿದ ಹಿಮವೂ ತಂದ ಹಗುರ ಸಿಹಿನೀರು ಬೆರೆತ ಪದರ. ಕೆಳಗಿನ ಬಿಸಿ ಮೇಲಿನ ಹಿಮವನ್ನು ಮುಟ್ಟದಂತೆ ಈ ತೆಳು ಹೊದಿಕೆ ತಡೆದಿದೆ. ತಳದಲ್ಲಿ ಕೆಂಡ, ಮೇಲೆ ಬೆಣ್ಣೆ. ನಡುವೆ ಒಂದು ಬಾಳೆಲೆ.

ಈಗ ಆ ಎಲೆ ಹರಿಯುತ್ತಿದೆಯೇ ಎಂಬುದೇ ಪ್ರಶ್ನೆ. 1979ರಿಂದ ಉಪಗ್ರಹಗಳು ಅಲ್ಲಿನ ಹಿಮವನ್ನು ಅಳೆಯುತ್ತಿವೆ. 1980ರ ದಶಕದಲ್ಲಿ ಸೆಪ್ಟೆಂಬರಿನಲ್ಲಿ, ಅಂದರೆ ಹಿಮ ಅತಿ ಕಡಿಮೆ ಇರುವ ತಿಂಗಳಲ್ಲಿ, ಸರಾಸರಿ ಸುಮಾರು 70 ಲಕ್ಷ ಚದರ ಕಿ.ಮೀ. ಹಿಮ ಇರುತ್ತಿತ್ತು, ಎರಡು ಭಾರತಗಳಷ್ಟು. 2012ರ ಸೆಪ್ಟೆಂಬರಿನಲ್ಲಿ ಅದು ಸುಮಾರು 34 ಲಕ್ಷಕ್ಕೆ ಇಳಿಯಿತು, ಒಂದು ಭಾರತದಷ್ಟು. 1979ರಿಂದೀಚೆಗೆ ಆ ಪ್ರದೇಶ ಭೂಮಿಯ ಸರಾಸರಿಯ ನಾಲ್ಕು ಪಟ್ಟಿನ ಹತ್ತಿರದ ವೇಗದಲ್ಲಿ ಬಿಸಿಯಾಗಿದೆ ಎಂದು 2022ರ ಅಧ್ಯಯನವೊಂದು ಹೇಳಿತು. ಬಿಳಿ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನ ಅರ್ಧಕ್ಕೂ ಹೆಚ್ಚು ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಕಪ್ಪು ಸಮುದ್ರ ಬಹುಪಾಲನ್ನು ನುಂಗಿಕೊಳ್ಳುತ್ತದೆ. ಹಿಮ ಸರಿದಷ್ಟೂ ನೀರು ಬಿಸಿ, ನೀರು ಬಿಸಿಯಾದಷ್ಟೂ ಹಿಮ ದೂರ. ಇದರ ಜೊತೆಗೆ, ಹಿಮವಿಲ್ಲದ ನೀರಿನ ಮೇಲೆ ಗಾಳಿ ಬೀಸಿ ಅಲೆ ಎಬ್ಬಿಸುತ್ತದೆ. ಅಲೆ ನೀರನ್ನು ಕಲಕುತ್ತದೆ. ಕಲಕಿದ ನೀರು ಕೆಳಗಿನ ಬಿಸಿಯನ್ನು ಎಷ್ಟು ಮೇಲೆ ತರುತ್ತದೆ? ಉಪಗ್ರಹಕ್ಕೆ ಕಾಣುವುದು ಮೇಲ್ಮೈ ಮಾತ್ರ. ಉತ್ತರ ಇರುವುದು ಕೆಳಗೆ.

ಅದನ್ನು ಹುಡುಕಲೆಂದೇ 2014ರ ಬೇಸಿಗೆಯಲ್ಲಿ ಅಲಾಸ್ಕದ ಉತ್ತರಕ್ಕಿರುವ ಬ್ಯೂಫರ್ಟ್ ಸಮುದ್ರದಲ್ಲಿ ಗ್ಲೈಡರ್‌ಗಳು ತೆರೆದ ನೀರಿನಿಂದ ಹಿಮದ ಅಂಚನ್ನು ದಾಟಿ ಒಳಗೆ ಹೋಗಿ ಬಂದವು. ಆ ಬಾರಿ ಶಬ್ದದ ಉಪಕರಣಗಳನ್ನು ತೇಲುವ ಹಿಮಕ್ಕೇ ತೂಗುಹಾಕಿದ್ದರು. ಹಿಮ ಸರಿದಂತೆ ಅವೂ ಸರಿಯುತ್ತಿದ್ದುದರಿಂದ, ತಾವು ಇಂದು ಎಲ್ಲಿದ್ದೇವೆಂಬುದನ್ನೂ ಕೂಗಿನಲ್ಲೇ ಸೇರಿಸಿ ಹೇಳುತ್ತಿದ್ದವು. 2018ರಿಂದ ನಡೆದ ಮತ್ತೊಂದು ಅಭಿಯಾನದಲ್ಲಿ ಗ್ಲೈಡರ್‌ಗಳು ಅದೇ ಸಮುದ್ರದಲ್ಲಿ ಚಳಿಗಾಲವನ್ನು ದಾಟಿ ವರ್ಷವಿಡೀ ಇದ್ದವು. ಹಡಗುಗಳು ಬೇಸಿಗೆಯ ಕೆಲವೇ ವಾರ ಸುಳಿಯುವ ಕಡೆ ಧ್ರುವರಾತ್ರಿಯ ಅಳತೆ ಸಿಕ್ಕಿತು. ಇದರ ಬೆಲೆಯನ್ನು ಸಾಲ ಕೊಡುವ ಮುಂಚೆ ಒಂದು ತಿಂಗಳ ಲೆಕ್ಕದ ಬದಲು ಇಡೀ ವರ್ಷದ ಖಾತೆ ಕೇಳುವ ಬ್ಯಾಂಕಿನವರು ಬಲ್ಲರು.

ಡೇವಿಸ್ ಜಲಸಂಧಿಯ ಅಳತೆಗೆ ಇನ್ನೂ ದೊಡ್ಡ ಅರ್ಥವಿದೆ. ಆರ್ಕ್ಟಿಕ್‌ನ ಹಗುರ ಸಿಹಿನೀರು ದಕ್ಷಿಣಕ್ಕೆ ಇಳಿಯುವ ಬಾಗಿಲುಗಳಲ್ಲಿ ಅದೂ ಒಂದು. ಆ ನೀರು ಸೇರುವುದು ಲ್ಯಾಬ್ರಡಾರ್ ಸಮುದ್ರಕ್ಕೆ. ಅಲ್ಲಿ ಚಳಿಗಾಲದಲ್ಲಿ ಭಾರವಾದ ನೀರು ಆಳಕ್ಕೆ ಮುಳುಗುತ್ತದೆ. ಅಟ್ಲಾಂಟಿಕ್‌ನ ಬಿಸಿಯನ್ನು ಉತ್ತರಕ್ಕೆ ಒಯ್ಯುವ ಮಹಾಪ್ರವಾಹಕ್ಕೆ ಇಂಥ ಮುಳುಗುವಿಕೆಯೂ ಆಧಾರ. ಸಿಹಿನೀರು ಹೆಚ್ಚಾದರೆ ಮೇಲಿನ ನೀರು ಹಗುರಾಗಿ ಮುಳುಗುವುದನ್ನೇ ನಿಧಾನಿಸಬಹುದು. ಇಂಥ ಪ್ರವಾಹ ಎರಡು ಬಗೆಯ ಸ್ಥಿತಿಗಳಲ್ಲಿ ನಿಲ್ಲಬಲ್ಲದು, ಒಂದರಿಂದ ಇನ್ನೊಂದಕ್ಕೆ ಹೊರಳಬಲ್ಲದು ಎಂದು ಎರಡು ಪೆಟ್ಟಿಗೆಗಳ ಸರಳ ಲೆಕ್ಕದಿಂದ 1961ರಲ್ಲಿ ತೋರಿಸಿದವರು ಯಾರು ಗೊತ್ತೇ? ಅದೇ ಹೆನ್ರಿ ಸ್ಟೊಮೆಲ್. ಅಪಾಯವನ್ನು ಲೆಕ್ಕದಲ್ಲಿ ಕಂಡವರೇ ಮೂರು ದಶಕಗಳ ಹತ್ತಿರ ಹತ್ತಿರ ಅದನ್ನು ಅಳೆಯುವ ಯಂತ್ರದ ಕನಸನ್ನೂ ಕಂಡರು. ಇದು ಕಾಕತಾಳೀಯವೆಂದು ನನಗೆ ತೋರುವುದಿಲ್ಲ.

ಇನ್ನು ನಮ್ಮ ಮಾತು. ಸ್ವಾಲ್‌ಬಾರ್ಡ್ ದ್ವೀಪಸ್ತೋಮದ ನೀ ಒಲೆಸುಂಡ್‌ನಲ್ಲಿ, ಉತ್ತರ ಧ್ರುವದಿಂದ ಸುಮಾರು 1,200 ಕಿ.ಮೀ. ದೂರದಲ್ಲಿ, 2008ರಿಂದ ಭಾರತದ 'ಹಿಮಾದ್ರಿ' ಕೇಂದ್ರವಿದೆ. ಅಲ್ಲಿನ ಕಾಂಗ್ಸ್‌ಫ್ಯೋರ್ಡನ್ ಎಂಬ ಕೊಲ್ಲಿಯಲ್ಲಿ 2014ರಲ್ಲಿ ನಮ್ಮ ವಿಜ್ಞಾನಿಗಳು 'ಇಂಡಾರ್ಕ್' ಎಂಬ ಲಂಗರು ಹಾಕಿದ ವೀಕ್ಷಣಾ ಸರಪಳಿಯನ್ನು ಇಳಿಬಿಟ್ಟರು. ಗೋವಾದ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಆರ್ಕ್ಟಿಕ್‌ನ ಕಾರಾ ಸಮುದ್ರದಲ್ಲಿ ಹಿಮ ಕಡಿಮೆಯಾಗುವುದಕ್ಕೂ ಸೆಪ್ಟೆಂಬರಿನಲ್ಲಿ ನಮ್ಮಲ್ಲಿ ಸುರಿಯುವ ವಿಪರೀತ ಮಳೆಗೂ ಸಂಬಂಧವಿರಬಹುದೆಂದು 2021ರಲ್ಲಿ ತೋರಿಸಿದರು. 'ಇರಬಹುದು' ಎಂಬ ಪದವನ್ನು ಗಮನಿಸಿ. ಅದನ್ನು 'ಇದೆ' ಅಥವಾ 'ಇಲ್ಲ' ಎಂದು ತಿದ್ದಬೇಕಾದರೆ ಇನ್ನಷ್ಟು ವರ್ಷಗಳ ಅಳತೆಯೇ ಬೇಕು.

ಬೆಂಗಳೂರಿಗೂ ಗ್ಲೈಡರಿಗೂ ನೇರ ನಂಟಿದೆ. 2016ರ ಮುಂಗಾರಿನಲ್ಲಿ ಭಾರತೀಯ ವಿಜ್ಞಾನ ಮಂದಿರದ ಪಿ.ಎನ್. ವಿನಯಚಂದ್ರನ್ ಮತ್ತು ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಸಂಗಾತಿಗಳು 'ಸಿಂಧು ಸಾಧನಾ' ಹಡಗಿನಲ್ಲಿ ಹೋಗಿ ಬಂಗಾಳ ಕೊಲ್ಲಿಯ ದಕ್ಷಿಣ ಭಾಗದಲ್ಲಿ ಸೀಗ್ಲೈಡರ್‌ಗಳನ್ನು ಇಳಿಸಿದರು. ಅಲ್ಲೂ ಅದೇ ಕಥೆ. ಗಂಗೆ, ಬ್ರಹ್ಮಪುತ್ರ ಮೊದಲಾದ ನದಿಗಳೂ ಮಳೆಯೂ ಸುರಿದ ಸಿಹಿನೀರು ಕೊಲ್ಲಿಯ ಮೇಲೆ ಹಗುರ ಹೊದಿಕೆಯಂತೆ ಹರಡುತ್ತದೆ. ಕೆಳಗಿನ ನೀರು ಮೇಲಿನದರೊಡನೆ ಸುಲಭವಾಗಿ ಬೆರೆಯುವುದಿಲ್ಲ. ಧ್ರುವದಲ್ಲಿ ಆ ಹೊದಿಕೆ ಹಿಮವನ್ನು ಕೆಳಗಿನ ಬಿಸಿಯಿಂದ ಕಾಯುತ್ತದೆ; ಇಲ್ಲಿ ಅದೇ ಹೊದಿಕೆ ಮೇಲ್ಮೈಯನ್ನು ಬೆಚ್ಚಗಿಟ್ಟು ಮಳೆಮೋಡಗಳಿಗೆ ಮೇವು ಒದಗಿಸುತ್ತದೆ. ಒಂದು ಸಮುದ್ರದಲ್ಲಿ ಕಲಿತ ಪಾಠ ಇನ್ನೊಂದಕ್ಕೆ ಒದಗುವುದು ಹೀಗೆ.

ಆದರೆ ಅಳತೆಯ ಕೆಲಸ ಮುಗ್ಧವಾಗಿಯೇನೂ ಉಳಿದಿಲ್ಲ. ಬ್ಯೂಫರ್ಟ್ ಸಮುದ್ರದ ಆ ಎರಡೂ ಅಭಿಯಾನಗಳಿಗೆ ಹಣ ಕೊಟ್ಟದ್ದು ಅಮೆರಿಕದ ನೌಕಾಪಡೆಯ ಸಂಶೋಧನಾ ಕಚೇರಿ. ನೀರಿನ ಪದರಗಳಲ್ಲಿ ಶಬ್ದ ಹೇಗೆ ಬಾಗುತ್ತದೆ ಎಂಬುದು ಹವಾಮಾನ ವಿಜ್ಞಾನಿಗೆ ಬೇಕಾದಷ್ಟೇ ಜಲಾಂತರ್ಗಾಮಿಯ ಕಪ್ತಾನನಿಗೂ ಬೇಕು. 2016ರ ಡಿಸೆಂಬರಿನಲ್ಲಿ ಚೀನಾದ ನೌಕಾಪಡೆ ದಕ್ಷಿಣ ಚೀನಾ ಸಮುದ್ರದಲ್ಲಿ ಅಮೆರಿಕದ ಗ್ಲೈಡರೊಂದನ್ನು ಎತ್ತಿಕೊಂಡು ಹೋಗಿ, ಕೆಲವು ದಿನಗಳ ಬಳಿಕ ಮರಳಿಸಿತು. ಯುಕ್ರೇನ್ ಯುದ್ಧದ ನಂತರ, 2022ರ ಮಾರ್ಚಿನಲ್ಲಿ ಆರ್ಕ್ಟಿಕ್ ಮಂಡಳಿಯ ಏಳು ದೇಶಗಳು ರಷ್ಯದೊಡನೆ ಕೂಡಿ ಕೆಲಸ ಮಾಡುವುದನ್ನು ನಿಲ್ಲಿಸಿದವು. ಆರ್ಕ್ಟಿಕ್ ಕರಾವಳಿಯ ಅರ್ಧದಷ್ಟು ಇರುವುದು ರಷ್ಯದಲ್ಲಿ. ದೇಶಗಳ ನಡುವಿನ ಗಡಿ ನೀರಿಗೆ ಗೊತ್ತಿಲ್ಲ. ಆದರೆ ನೀರಿನ ಲೆಕ್ಕ ಇಡುವವರಿಗೆ ಗೊತ್ತಾಗುವಂತೆ ಮಾಡಲಾಗಿದೆ.

ಅಳತೆಗೆ ಇನ್ನೊಂದು ಶತ್ರು ನಮ್ಮ ಅಸಹನೆ. ಉಪಗ್ರಹ ಹಾರಿಸಿದರೆ ಅದೇ ದಿನ ಚಪ್ಪಾಳೆ ಸಿಗುತ್ತದೆ. ಇಪ್ಪತ್ತು ವರ್ಷ ಒಂದೇ ಜಲಸಂಧಿಯ ಉಪ್ಪನ್ನು ಅಳೆದವರಿಗೆ ಯಾರೂ ಹಾರ ಹಾಕುವುದಿಲ್ಲ. ಯೋಜನೆಗಳಿಗೆ ಮೂರು ವರ್ಷ, ಐದು ವರ್ಷ ಎಂಬ ಗಡುವು. ಸಮುದ್ರ ಬದಲಾಗುವುದು ದಶಕಗಳ ಲೆಕ್ಕದಲ್ಲಿ. ನಡುವೆ ಎರಡು ವರ್ಷ ಅಳತೆ ತಪ್ಪಿದರೆ ಆ ವರ್ಷಗಳನ್ನು ಯಾವ ಹಣವೂ ಮರಳಿ ತರಲಾರದು. ನಮ್ಮ ಕೆರೆಗಳಿಗೆ ಹಿಂದೆ ನೀರುಗಂಟಿಗಳಿರುತ್ತಿದ್ದರು. ಮಳೆ ಬರಲಿ, ಬಾರದಿರಲಿ, ತೂಬಿನ ಬಳಿ ನೀರೆಷ್ಟಿದೆಯೆಂದು ನೋಡುವುದು ಅವರ ಕೆಲಸವಾಗಿತ್ತು. ಅವರು ಹೋದ ಮೇಲೆ ಕೆರೆಗಳು ಏನಾದವೆಂಬುದು ನಮಗೆ ಗೊತ್ತು. 2021ರಲ್ಲಿ ಕೇಂದ್ರ ಸರ್ಕಾರ ಐದು ವರ್ಷಗಳ ಆಳಸಾಗರ ಅಭಿಯಾನಕ್ಕೆ 4,077 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. 2022ರಲ್ಲಿ ಆರ್ಕ್ಟಿಕ್ ನೀತಿಯನ್ನು ಪ್ರಕಟಿಸಿತು. ಸಂತೋಷ. ಆಳದ ಖನಿಜದ ಮೇಲೆ, ಹಿಮ ಸರಿದಾಗ ತೆರೆಯುವ ಹಡಗುದಾರಿಯ ಮೇಲೆ ಇರುವ ಆಸೆಯಷ್ಟೇ ಆಸಕ್ತಿ ಈ ಬಗೆಯ ನಿರಂತರ, ನೀರಸ, ಹೆಸರು ತರದ ಅಳತೆಯ ಮೇಲೂ ಇರಲಿ ಎಂಬುದಷ್ಟೇ ನನ್ನ ಕೋರಿಕೆ. ನಮ್ಮ ರೈತನ ಸೆಪ್ಟೆಂಬರಿನ ಬೆಳೆ ಅದರ ಮೇಲೆ ನಿಂತಿರಬಹುದು.

ಆ ಹುಡುಗಿ ರಜೆ ಮುಗಿಸಿ ಹೋದ ಬಳಿಕ ಒಂದು ದಿನ ಅವಳ ತಂದೆಯ ಮನೆಯಲ್ಲಿ ಫೋನಿನಲ್ಲಿ ಸಿಕ್ಕಳು. ಗ್ಲೈಡರ್ ಫೋನ್ ಮಾಡಿತೇ ಎಂದು ಕೇಳಿದೆ. 'ಎರಡಿದ್ದವು ಅಂಕಲ್. ಒಂದು ಮಾಡಿತು, ಆರು ವಾರ ಆದ ಮೇಲೆ. ಇನ್ನೊಂದು ಮಾಡಲಿಲ್ಲ' ಎಂದಳು. ಕಳೆದುಹೋದ ಯಂತ್ರದ ಬೆಲೆ ಒಂದು ಲಕ್ಷ ಡಾಲರಿಗೂ ಮೇಲು. ಅವಳಿಗೆ ಬೇಸರವಿದ್ದುದು ಅದಕ್ಕಲ್ಲ. 'ಅದರೊಳಗೆ ಒಂದು ಇಡೀ ಚಳಿಗಾಲದ ಲೆಕ್ಕ ಇತ್ತು. ಅದು ಮತ್ತೆ ಯಾರಿಗೂ ಸಿಗಲ್ಲ' ಎಂದಳು. ಆಮೇಲೆ, ಮುಂದಿನ ತಿಂಗಳು ಹೊಸದೊಂದನ್ನು ನೀರಿಗೆ ಬಿಡುವುದಿದೆ, ಅದಕ್ಕೆ ಉಪ್ಪಿನ ತೊಟ್ಟಿಯಲ್ಲಿ ತೂಕ ಸರಿಹೊಂದಿಸಬೇಕು, ಸಿಹಿನೀರಿನ ಪದರದಲ್ಲಿ ಮೇಲೇಳಲಾರದೆ ಸಿಕ್ಕಿಬೀಳದಂತೆ ಒಂದೊಂದು ಗ್ರಾಮನ್ನೂ ನೋಡಬೇಕು ಎಂದು ವಿವರಿಸತೊಡಗಿದಳು. ನಾನು ಕೇಳುತ್ತ ನಿಂತೆ.